ಸಂಕೇಶ್ವರದ ಸೂಪರ್ ಕ್ಯಾರಿಗೆ ಹನ್ನೊಂದು ಸಾವಿರದ ಕಿಡಿ ಬೇಕೇ?

ಪ್ರಶ್ನೆ: ನಂದು 2021ರ ಮಾರುತಿ ಸೂಪರ್ ಕ್ಯಾರಿ, ಕಂಪನಿಯಿಂದನ ಬಂದ ಸಿಎನ್‌ಜಿ ಗಾಡಿ. 68,000 ಕಿ.ಮೀ. ಓಡೈತಿ. ಏನೂ ಬದಲಿ ಮಾಡಿಸಿಲ್ಲ. ಸಂಕೇಶ್ವರದಿಂದ ಬೆಳಗಾವಿ ಎಪಿಎಂಸಿಗೆ ದಿನಾ ಕಾಯಿಪಲ್ಲೆ ಲೋಡ್. ವಂಟಮುರಿ ಘಾಟ್ ಏರುವಾಗ ಗ್ಯಾಸ್ ಮ್ಯಾಲ ಎಳೀವಲ್ದು, ಒಮ್ಮೊಮ್ಮೆ ಝಟಕಾ ಹೊಡಿತೈತಿ, ಮಳ್ಯಾಗ ಜಾಸ್ತಿ. ಒಬ್ಬ ಅಂಗಡ್ಯಾವರು ‘ಇಗ್ನಿಷನ್ ಅಪ್‌ಗ್ರೇಡ್ ಕಿಟ್’ ಹಾಕಸ್ರಿ ಅಂತಾರ: ಐರಿಡಿಯಂ ಪ್ಲಗ್ ನಾಕು, ದಪ್ಪನ ಸಿಲಿಕಾನ್ ವಾಯರ್, 60 ಸಾವಿರ ವೋಲ್ಟಿನ ಕಾಯಿಲ್, ಒಂದು ಬೂಸ್ಟರ್ ಡಬ್ಬಿ. ಎಲ್ಲಾ ಕೂಡಿ 11,500 ರೂಪಾಯಿ. ಪಿಕಪ್ಪೂ ಏರತೈತಿ, ಏವರೇಜೂ ಏರತೈತಿ ಅಂತಾರ. ಹಾಕಸೂದು ಚಲೋನ ಏನ್ರಿ?

ಉತ್ತರ: ಕಿಟ್ ಬೇಡ. ಹಾಗಂತ ಇಗ್ನಿಷನ್ (ಕಿಡಿ ಹಚ್ಚುವ ವ್ಯವಸ್ಥೆ) ಕಡೆ ಕಣ್ಣು ಹಾಯಿಸದೆ ಗಾಡಿ ಓಡಿಸುವುದೂ ಬೇಡ. ನೀವು ಬರೆದದ್ದರಲ್ಲಿ ಎರಡು ತಕರಾರು ಒಂದರೊಳಗೊಂದು ಸೇರಿಕೊಂಡಿವೆ. ಘಾಟಿನಲ್ಲಿ ಎಳೆಯುವುದಿಲ್ಲ ಎನ್ನುವುದು ಬಹುಪಾಲು ಗ್ಯಾಸಿನ ಗುಣ; ಎಂಥ ಕಾಯಿಲ್ (ಬ್ಯಾಟರಿಯ ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸಾಮಾನು) ಹಾಕಿದರೂ ಅದು ಹೋಗುವುದಿಲ್ಲ. ಝಟಕಾ, ಅದೂ ಮಳೆಯಲ್ಲಿ ಹೆಚ್ಚು ಎನ್ನುವುದು ಮಾತ್ರ ಕಿಡಿಯ ತಕರಾರಿನ ಲಕ್ಷಣ. ಅದಕ್ಕೆ ಕಂಪನಿ ಹೇಳಿದ ನಂಬರಿನ ಹೊಸ ಪ್ಲಗ್ ನಾಲ್ಕು, ಜೊತೆಗೆ ಬಿರುಕು ಬಿಟ್ಟಿದ್ದರೆ ಪ್ಲಗ್ಗಿನ ಮೇಲೆ ಕೂರುವ ರಬ್ಬರ್ ಬೂಟ್ ಅಥವಾ ವಾಯರ್ ಸಾಕು.

ಮೊದಲು ಕಿಡಿ ಎಷ್ಟು ಕೆಲಸ ಮಾಡುತ್ತದೆ ನೋಡಿ. ನಿಮ್ಮ ಎಂಜಿನ್ 1196 ಸಿಸಿ, ನಾಲ್ಕು ಸಿಲಿಂಡರ್. ಅಂದರೆ ಒಂದೊಂದು ಸಿಲಿಂಡರ್ ಸುಮಾರು 300 ಸಿಸಿ. ಪೂರ್ತಿ ಆಕ್ಸಿಲರೇಟರ್ ತುಳಿದಾಗ ಒಂದು ಸಲಕ್ಕೆ ಒಳಗೆ ಹೋಗುವ ಗಾಳಿ ಗ್ರಾಮಿನ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ, ಅದಕ್ಕೆ ಬೆರೆಯುವ ಪೆಟ್ರೋಲ್ 0.02 ಗ್ರಾಂ ಆಸುಪಾಸು. ಅಷ್ಟು ಉರಿದರೆ ಸುಮಾರು 850 ಜೂಲ್ ಶಾಖ ಬರುತ್ತದೆ. ಕಿಡಿಯ ಶಕ್ತಿ 50 ಮಿಲಿಜೂಲ್ ಎಂದು ಹಿಡಿಯಿರಿ, ಅಂದರೆ 0.05 ಜೂಲ್: ಉರಿಯುವ ಶಾಖದ ಹದಿನೇಳು ಸಾವಿರದಲ್ಲಿ ಒಂದು ಪಾಲು. ಕಿಡಿಯನ್ನು ದುಪ್ಪಟ್ಟು ಮಾಡಿದರೂ ಚಕ್ರಕ್ಕೆ ಹೋಗುವ ಬಲದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಒಲೆಗೆ ಒಂದು ಕಡ್ಡಿ ಗೀರಿ ಹಚ್ಚಿದರೂ ಹತ್ತು ಕಡ್ಡಿ ಕೂಡಿಸಿ ಹಚ್ಚಿದರೂ ರೊಟ್ಟಿ ಬೇಯುವುದು ಅದೇ ಹೊತ್ತಿಗೆ. ಒಲೆ ಹತ್ತದೇ ಹೋದರೆ ಮಾತ್ರ ಕಡ್ಡಿಯ ಮಾತು ಬರುತ್ತದೆ. ಎಂಜಿನ್ನಿನಲ್ಲಿ ಒಲೆ ಹತ್ತದಿರುವುದಕ್ಕೇ ನಾವು ‘ಮಿಸ್ ಹೊಡಿತೈತಿ’ ಎನ್ನುವುದು.

ಈಗ 60 ಸಾವಿರ ವೋಲ್ಟಿನ ಮಾತು. ಡಬ್ಬಿಯ ಮೇಲೆ ಬರೆದ ಈ ಸಂಖ್ಯೆ ಸುಳ್ಳೇ ಆಗಬೇಕೆಂದಿಲ್ಲ, ಆದರೆ ನಿಮ್ಮ ಪ್ಲಗ್ ಅದನ್ನು ಎಂದೂ ಕಾಣುವುದಿಲ್ಲ. ಹೊಲದ ಒಡ್ಡಿನ ಹಿಂದೆ ನಿಂತ ನೀರು ಒಡ್ಡಿನ ಎತ್ತರದವರೆಗೆ ಏರಿ ಆಮೇಲೆ ಹೊರಚೆಲ್ಲುತ್ತದಲ್ಲ, ಕಾಯಿಲ್ಲಿನ ವೋಲ್ಟೇಜೂ ಹಾಗೇ. ಪ್ಲಗ್ಗಿನ ಗ್ಯಾಪ್ (ಎರಡು ಎಲೆಕ್ಟ್ರೋಡುಗಳ ನಡುವಿನ ಸಂದು) ಹಾರಲು 15 ಸಾವಿರ ವೋಲ್ಟ್ ಬೇಕಿದ್ದರೆ ಅಲ್ಲಿಗೆ ಮುಟ್ಟಿದ ಕೂಡಲೇ ಕಿಡಿ ಹಾರುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಉಳಿದ ಒಂದೆರಡು ಮಿಲಿಸೆಕೆಂಡ್ ಕಿಡಿ ಉರಿಯುವುದು ಸಾವಿರ ವೋಲ್ಟಿನ ಆಸುಪಾಸಿನಲ್ಲಿ. ಕಂಪನಿಯ ಕಾಯಿಲ್‌ಗಳು ಸಾಮಾನ್ಯವಾಗಿ 25ರಿಂದ 35 ಸಾವಿರ ವೋಲ್ಟ್ ಕೊಡಬಲ್ಲವು. ಸುಸ್ಥಿತಿಯ ಪ್ಲಗ್ ಕೇಳುವುದು ಅದಕ್ಕಿಂತ ಬಹಳ ಕಡಿಮೆ. ಆ ಮಧ್ಯದ ಅಂತರವೇ ಕಂಪನಿಯವರು ಸವಕಳಿಗೆಂದು ಮೊದಲೇ ಇಟ್ಟ ಮೀಸಲು.

ನಿಮ್ಮ ಗಾಡಿಯಲ್ಲಿ ಆ ಮೀಸಲು ಎಲ್ಲಿ ಖರ್ಚಾಯಿತು ಎನ್ನುವುದೇ ನಿಜವಾದ ಪ್ರಶ್ನೆ. ಒಡ್ಡನ್ನು ಎತ್ತರಿಸುವ ಸಂಗತಿಗಳು ಮೂರು, ಮೂರೂ ನಿಮ್ಮಲ್ಲಿವೆ. ಪ್ಲಗ್ ಸವೆದಂತೆ ಗ್ಯಾಪ್ ಅಗಲವಾಗುತ್ತದೆ, ಎಲೆಕ್ಟ್ರೋಡಿನ ಚೂಪಾದ ಅಂಚು ಗುಂಡಗಾಗುತ್ತದೆ. ಕಿಡಿ ಹಾರುವುದು ಚೂಪಿನಿಂದ ಸುಲಭ, ಗುಂಡಿನಿಂದ ಕಷ್ಟ. ಲೋಡ್ ಹೊತ್ತು ಘಾಟ್ ಏರುವಾಗ ಆಕ್ಸಿಲರೇಟರ್ ಪೂರ್ತಿ ತುಳಿದಿರುತ್ತೀರಿ, ಆಗ ಸಿಲಿಂಡರ್ ಒಳಗಿನ ಒತ್ತಡ ಹೆಚ್ಚು. ಒತ್ತಡ ಹೆಚ್ಚಿದಷ್ಟೂ ಕಿಡಿಗೆ ಹೆಚ್ಚು ವೋಲ್ಟ್ ಬೇಕು. ಮೂರನೆಯದು ಗ್ಯಾಸ್, ಪೆಟ್ರೋಲಿಗಿಂತ ಸಿಎನ್‌ಜಿ ಮಿಶ್ರಣದಲ್ಲಿ ಕಿಡಿ ಹಾರಿಸಲು ಹೆಚ್ಚು ವೋಲ್ಟ್ ಬೇಕು. ಇನ್ನು ಮಳೆ ಒಡ್ಡನ್ನು ಎತ್ತರಿಸುವುದಿಲ್ಲ, ಪಕ್ಕದಲ್ಲಿ ಬಿಲ ಕೊರೆಯುತ್ತದೆ. ಬೂಟಿನ ಕೂದಲೆಳೆಯಷ್ಟು ಬಿರುಕಿನಲ್ಲಿ ತೇವ ಇಳಿದರೆ ಕರೆಂಟಿಗೆ ಗ್ಯಾಪ್ ಹಾರುವುದಕ್ಕಿಂತ ಹೊರಗಿನಿಂದ ಎಂಜಿನ್ನಿನ ಲೋಹದ ಹೆಡ್ಡಿಗೆ ಇಳಿಯುವುದೇ ಸಲೀಸು. ಒಣ ದಿನ, ಸಪಾಟು ರಸ್ತೆಯಲ್ಲಿ ಸುಮ್ಮನಿದ್ದ ಗಾಡಿ ಮಳೆಗಾಲದ ಘಾಟಿನಲ್ಲೇ ಝಟಕಾ ಹೊಡೆಯುವುದು ಇದಕ್ಕೆ. ಸೂಪರ್ ಕ್ಯಾರಿಯ ಎಂಜಿನ್ ಸೀಟಿನ ಕೆಳಗಿದೆ. ರಸ್ತೆಯ ನೀರು, ಕೆಸರು ಕೆಳಗಿನಿಂದ ಎರಚುವ ಜಾಗ. ಸರ್ವಿಸಿಂಗಿನಲ್ಲಿ ಪ್ರೆಶರ್ ಪಂಪ್ ಹಿಡಿದು ಎಂಜಿನ್ ತೊಳೆಸುವ ರೂಢಿಯಿದ್ದರೆ ಮೊದಲು ಅದನ್ನು ಬಿಡಿ. ಪ್ಲಗ್ ಕೂರುವ ಕುಳಿಯಲ್ಲಿ ನಿಂತ ನೀರು ಬೇಗ ಆರುವುದಿಲ್ಲ.

ಈಗ ಎಳೆತ. ಕಂಪನಿಯೇ ಈ ಎಂಜಿನ್ನಿಗೆ ಕೊಟ್ಟ ಅಂಕಿ ಪೆಟ್ರೋಲಿನಲ್ಲಿ 98 ನ್ಯೂಟನ್ ಮೀಟರ್ ಟಾರ್ಕ್, ಗ್ಯಾಸಿನಲ್ಲಿ 85. ಶೇಕಡಾ 13ರಷ್ಟು ಕಡಿಮೆ. ಕಾರಣ ಸರಳ. ಗ್ಯಾಸ್ ಗ್ಯಾಸಾಗಿಯೇ ಒಳಗೆ ಬರುತ್ತದೆ, ಸರಿಯಾಗಿ ಉರಿಯುವ ಮಿಶ್ರಣದ ಗಾತ್ರದಲ್ಲಿ ಶೇಕಡಾ 9.5ರಷ್ಟು ಜಾಗ ಅದೇ ಹಿಡಿಯುತ್ತದೆ, ಅಷ್ಟು ಗಾಳಿ ಹೊರಗೇ ಉಳಿಯುತ್ತದೆ. ಪೆಟ್ರೋಲ್ ಹನಿ ಆವಿಯಾಗುವಾಗ ಒಳಬರುವ ಗಾಳಿಯನ್ನು ತಣ್ಣಗೆ ಮಾಡಿ ದಟ್ಟಗೊಳಿಸುತ್ತದೆ, ಗ್ಯಾಸಿಗೆ ಆ ಲಾಭವಿಲ್ಲ. ಸಾಲದ್ದಕ್ಕೆ ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ; ಅಲ್ಲಿ ಗಾಳಿಯ ಒತ್ತಡವೇ ಶೇಕಡಾ 8ರಷ್ಟು ಕಡಿಮೆ. ಕಿಡಿ ಎಷ್ಟೇ ಜೋರಿದ್ದರೂ ಇಲ್ಲದ ಗಾಳಿಯನ್ನು ತರುವುದಿಲ್ಲ. ಘಾಟಿನ ಬುಡದಲ್ಲೇ ಗೇರ್ ಇಳಿಸಿ ಆರ್‌ಪಿಎಂ 3,000ದ ಸುತ್ತ ಇಟ್ಟುಕೊಳ್ಳಿ, ಗ್ಯಾಸಿನಲ್ಲಿ ಈ ಎಂಜಿನ್ನಿನ ಎಳೆತ ಹೆಚ್ಚು ಸಿಗುವುದು ಅಲ್ಲೇ. ಎತ್ತರದ ಗೇರಿನಲ್ಲಿ ಗೊರಗೊರ ಎನ್ನಿಸುತ್ತ ಎಳೆದರೆ ಎಳೆತವೂ ಇಲ್ಲ, ಮಿಸ್ಸೂ ಹೆಚ್ಚು. ಲೋಡ್ ತೀರಾ ಭಾರವಿದ್ದ ದಿನ ಏರುವಷ್ಟು ದೂರ ಪೆಟ್ರೋಲಿಗೆ ಹಾಕಿಕೊಳ್ಳಿ. ಐದು ಲೀಟರಿನ ಆ ಸಣ್ಣ ಟ್ಯಾಂಕಿನ ಪೆಟ್ರೋಲ್ ತಿಂಗಳುಗಟ್ಟಲೆ ಹಳಸುವುದಕ್ಕಿಂತ ಆಗಾಗ ಖರ್ಚಾಗುವುದೇ ಒಳ್ಳೆಯದು. (ಆರ್‌ಸಿಯಲ್ಲಿ ಬರೆದ ಮಿತಿಗಿಂತ ಎಷ್ಟು ಚೀಲ ಹೆಚ್ಚು ಹಾಕುತ್ತೀರಿ ಎಂದು ನೀವು ಬರೆದಿಲ್ಲ. ಎಳೆತದ ಲೆಕ್ಕದಲ್ಲಿ ಅದೂ ಬರುತ್ತದೆ.)

ಕಿಟ್ಟಿನ ಒಂದೊಂದೇ ಸಾಮಾನು

ಐರಿಡಿಯಂ ಪ್ಲಗ್ ಕೆಟ್ಟದ್ದಲ್ಲ. ಇಡೀ ಕಿಟ್ಟಿನಲ್ಲಿ ತೂಕವಿರುವ ಸಾಮಾನು ಇದೊಂದೇ. ಸಾಮಾನ್ಯ ನಿಕಲ್ ಪ್ಲಗ್ಗಿನ ನಡುವಿನ ಎಲೆಕ್ಟ್ರೋಡ್ ಸುಮಾರು 2.5 ಮಿ.ಮೀ. ದಪ್ಪ, ಐರಿಡಿಯಮ್ಮಿನದು 0.4ರಿಂದ 0.6 ಮಿ.ಮೀ. ಐರಿಡಿಯಂ ಕರಗುವುದು 2,446 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಕಲ್ 1,455ರಲ್ಲಿ. ಹಾಗಾಗಿ ತೆಳ್ಳಗಿದ್ದರೂ ಬೇಗ ಸವೆಯುವುದಿಲ್ಲ, ತೆಳ್ಳಗಿರುವುದರಿಂದ ಕಡಿಮೆ ವೋಲ್ಟಿಗೇ ಕಿಡಿ ಹಾರುತ್ತದೆ. ದಿನಾ ಗ್ಯಾಸಿನಲ್ಲಿ ಓಡುವ ಗಾಡಿಗೆ ಇದು ಉಪಯೋಗದ ಗುಣ. ಆದರೆ ಉಪಯೋಗ ಬಾಳಿಕೆಯಲ್ಲಿ ಮತ್ತು ಮಿಸ್ ಆಗದಿರುವುದರಲ್ಲಿ. ಹೊಸ ನಿಕಲ್ ಪ್ಲಗ್ ಇರುವ ಗಾಡಿಗೆ ಹೋಲಿಸಿದರೆ ಪಿಕಪ್ಪಿನಲ್ಲಿ ಗೊತ್ತಾಗುವಂಥ ವ್ಯತ್ಯಾಸ ಬರುವುದಿಲ್ಲ. ಇನ್ನೊಂದು ಸೂಕ್ಷ್ಮ ಅಂಗಡಿಯಲ್ಲಿ ಹೇಳುವುದು ಕಡಿಮೆ. ಐರಿಡಿಯಂ ಎಂದು ಮಾರುವ ಎಷ್ಟೋ ಪ್ಲಗ್‌ಗಳಲ್ಲಿ ನಡುವಿನ ತುದಿ ಮಾತ್ರ ಐರಿಡಿಯಂ, ಬಾಗಿದ ಹೊರಗಿನ ಎಲೆಕ್ಟ್ರೋಡ್ ಮಾಮೂಲಿ ನಿಕಲ್. ಒಂದು ಕಾಯಿಲ್ ಎರಡು ಪ್ಲಗ್ಗಿಗೆ ಒಟ್ಟಿಗೆ ಕಿಡಿ ಕೊಡುವ ಜೋಡಿ ವ್ಯವಸ್ಥೆಯಿರುವ ಎಂಜಿನ್ನುಗಳಲ್ಲಿ ಒಂದು ಪ್ಲಗ್ಗಿಗೆ ಕರೆಂಟ್ ತಿರುಗುಮುರುಗಾಗಿ ಹರಿಯುತ್ತದೆ, ಅಲ್ಲಿ ಸವೆಯುವುದು ಹೊರಗಿನ ನಿಕಲ್. ಒಂದು ಲಕ್ಷ ಕಿ.ಮೀ. ಬಾಳಿಕೆಯ ಮಾತು ಎರಡೂ ಕಡೆ ಅಮೂಲ್ಯ ಲೋಹ ಇರುವ ಪ್ಲಗ್ಗಿಗೆ ಮಾತ್ರ ಸಲ್ಲುತ್ತದೆ.

ದಪ್ಪ ವಾಯರಿನ ದಪ್ಪವೆಲ್ಲ ಹೊರಗಿನ ಸಿಲಿಕಾನ್ ಹೊದಿಕೆಯದು, ಒಳಗೆ ಕರೆಂಟಿಗೆ ಅದರಿಂದ ಏನೂ ಹೆಚ್ಚುವರಿ ಇಲ್ಲ. ‘ರೆಸಿಸ್ಟೆನ್ಸೇ ಇಲ್ಲ, ಒಳಗೆ ಪೂರ್ತಿ ತಾಮ್ರ’ ಎಂದು ಯಾರಾದರೂ ಹೊಗಳಿ ಕೊಡಲು ಬಂದರೆ ಅದನ್ನಂತೂ ಮುಟ್ಟಬೇಡಿ. ಕಂಪನಿಯ ವಾಯರಿನಲ್ಲಿ ಮತ್ತು ಪ್ಲಗ್ಗಿನಲ್ಲಿ ಬೇಕೆಂದೇ ರೆಸಿಸ್ಟೆನ್ಸ್ ಇಟ್ಟಿರುತ್ತಾರೆ, ಪ್ಲಗ್ಗಿನಲ್ಲಿ ಸಾಮಾನ್ಯವಾಗಿ 5 ಸಾವಿರ ಓಂ. ಅದಿಲ್ಲದಿದ್ದರೆ ಪ್ರತಿ ಕಿಡಿಯೂ ಒಂದು ಸಣ್ಣ ರೇಡಿಯೋ ಸ್ಟೇಷನ್. ಎಂಜಿನ್ನಿನ ಸುತ್ತು ಅಳೆಯುವ ಕ್ರ್ಯಾಂಕ್ ಸೆನ್ಸರಿನ ಸಣ್ಣ ಸಿಗ್ನಲಿನಲ್ಲಿ ಆ ಗದ್ದಲ ಸೇರಿದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಲೆಕ್ಕ ತಪ್ಪಿ, ಇಲ್ಲದ ಮಿಸ್ ಹುಟ್ಟುತ್ತದೆ.

ಕಾಯಿಲ್ ಅಪಾಯದ ಸಾಮಾನು. ಹಳೆಯ ಗಾಡಿಗಳ ಹಾಗೆ ಇಲ್ಲಿ ಕಾಯಿಲ್ ಬಿಡಿಯಾಗಿಲ್ಲ. ಎಷ್ಟು ಹೊತ್ತು ಕರೆಂಟ್ ತುಂಬಬೇಕು ಎನ್ನುವುದನ್ನು ಇಸಿಯು ಬ್ಯಾಟರಿ ವೋಲ್ಟೇಜ್ ನೋಡಿ ಮಿಲಿಸೆಕೆಂಡಿನಲ್ಲಿ ಅಳೆದು ಕೊಡುತ್ತದೆ. ಆ ಅಳತೆ ಕಂಪನಿಯ ಕಾಯಿಲ್ಲಿನದು. ಪ್ರೈಮರಿ ಸುತ್ತಿನ ರೆಸಿಸ್ಟೆನ್ಸ್ ಕಡಿಮೆ ಇರುವ ‘ಹೈ ಪವರ್’ ಕಾಯಿಲ್ ಅದೇ ಹೊತ್ತಿನಲ್ಲಿ ಹೆಚ್ಚು ಕರೆಂಟ್ ಎಳೆದುಕೊಳ್ಳುತ್ತದೆ, ಕಾಯಿಲ್ಲೂ ಕಾಯುತ್ತದೆ, ಅದನ್ನು ನಡೆಸುವ ಟ್ರಾನ್ಸಿಸ್ಟರೂ ಕಾಯುತ್ತದೆ. ಆ ಟ್ರಾನ್ಸಿಸ್ಟರ್ ಇಸಿಯು ಒಳಗಿರುವ ಗಾಡಿಗಳಲ್ಲಿ ಅದು ಸುಟ್ಟರೆ ಬದಲಾಯಿಸಬೇಕಾದದ್ದು ಇಸಿಯು. ಅದರ ಬೆಲೆಯ ಮುಂದೆ ನಿಮ್ಮ 11,500 ಚಿಲ್ಲರೆ.

ಬೂಸ್ಟರ್ ಡಬ್ಬಿಗಳಲ್ಲಿ ಎರಡು ಜಾತಿ. ಒಂದರೊಳಗೆ ಕೆಲವು ಕೆಪ್ಯಾಸಿಟರ್ ಮತ್ತು ಮಿನುಗುವ ಎಲ್‌ಇಡಿ ಬಿಟ್ಟರೆ ಮತ್ತೇನಿಲ್ಲ. ಇನ್ನೊಂದು ನಿಜವಾದ ಮಲ್ಟಿ ಸ್ಪಾರ್ಕ್, ಒಂದರ ಬದಲು ಮೂರು ನಾಲ್ಕು ಕಿಡಿ ಕೊಡುತ್ತದೆ. ಐಡ್ಲಿಂಗಿನಲ್ಲಿ ಅದರಿಂದ ಕೊಂಚ ನಯ ಬರಬಹುದು. ಆದರೆ ಸುಮಾರು 3,000 ಆರ್‌ಪಿಎಂ ದಾಟಿದರೆ ಎರಡನೆಯ ಕಿಡಿಗೆ ಸಮಯವೇ ಇರುವುದಿಲ್ಲ, ಅಂಥ ಡಬ್ಬಿಗಳೂ ಅಲ್ಲಿ ಒಂದೇ ಕಿಡಿಗೆ ಇಳಿಯುತ್ತವೆ. ಲೆಕ್ಕ ಹಾಕಿ: 6,000 ಆರ್‌ಪಿಎಂನಲ್ಲಿ ಕ್ರ್ಯಾಂಕ್ 20 ಡಿಗ್ರಿ ತಿರುಗಲು ಬೇಕಾದದ್ದು ಅರ್ಧ ಮಿಲಿಸೆಕೆಂಡ್ ಚಿಲ್ಲರೆ. ನಿಮಗೆ ಎಳೆತ ಬೇಕಾದಲ್ಲೇ ಅದು ಸುಮ್ಮನಿರುತ್ತದೆ.

‘ಹಾಗಾದರೆ ಹಾಕಿಸಿದವರೆಲ್ಲ ಗಾಡಿ ಹಗುರಾತು ಅಂತಾರಲ್ಲ?’ ಎಂದು ಕೇಳುತ್ತೀರಿ. ನಿಜವೇ ಹೇಳುತ್ತಾರೆ. ಕಿಟ್ ಹಾಕುವಾಗ ಸವೆದ ಹಳೆ ಪ್ಲಗ್ ಹೊರಗೆ ಬಂದು ಹೊಸದು ಕೂತಿತು, ತುಕ್ಕು ಹಿಡಿದ ಜಾಯಿಂಟುಗಳು ಉಜ್ಜಿಕೊಂಡವು, ಬಿರುಕಿನ ಬೂಟ್ ಹೋಯಿತು. ಕೆಲಸ ಮಾಡಿದ್ದು ಅದು, ಹೆಸರು ಕಿಟ್ಟಿನದು.

ಏವರೇಜಿನ ಮಾತನ್ನು ರೂಪಾಯಿಯಲ್ಲಿ ನೋಡಿ. ತಿಂಗಳಿಗೆ 2,500 ಕಿ.ಮೀ., ಲೋಡಿನಲ್ಲಿ ಕೆಜಿಗೆ 18 ಕಿ.ಮೀ., ಗ್ಯಾಸ್ ಕೆಜಿಗೆ 90 ರೂಪಾಯಿ ಎಂದು ಹಿಡಿದರೆ ತಿಂಗಳ ಖರ್ಚು 12,500. ಧಾರಾಳವಾಗಿ ಶೇಕಡಾ 2 ಉಳಿಯುತ್ತದೆ ಎಂದುಕೊಂಡರೂ 250 ರೂಪಾಯಿ. ಕಿಟ್ಟಿನ ದುಡ್ಡು ಮರಳಲು 46 ತಿಂಗಳು. ಮಿಸ್ ಇಲ್ಲದ ಗಾಡಿಯಲ್ಲಿ ಆ 2 ಕೂಡ ಸಿಗುವುದಿಲ್ಲ.

ಮಾಡಿಸಬೇಕಾದ ಕೆಲಸ

ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ ಇಸಿಯು ಬರೆದಿಟ್ಟ ದೋಷದ ಕೋಡ್ ಓದಿಸಿ. ಎಂಜಿನ್ ದೀಪ ಈಗ ಹತ್ತಿಲ್ಲದಿದ್ದರೂ ಪೆಂಡಿಂಗ್ ಕೋಡ್ ಇರಬಹುದು. ಪಿ0301ರಿಂದ ಪಿ0304ರವರೆಗೆ ಇದ್ದರೆ ಕೊನೆಯ ಅಂಕಿ ಮಿಸ್ ಹೊಡೆಯುವ ಸಿಲಿಂಡರಿನದು. ಪಿ0300 ಅಂದರೆ ಒಂದೇ ಸಿಲಿಂಡರ್ ಎಂದು ಹಿಡಿಯಲಾಗಿಲ್ಲ. ಪಿ0351ರಿಂದ ಮುಂದಿನವು ಕಾಯಿಲ್ಲಿನ ಸರ್ಕ್ಯೂಟ್. ಪಿ0171 ಇದ್ದರೆ ಮಿಶ್ರಣ ತೆಳುವಾಗಿದೆ, ಗಾಳಿ ಸೋರಿಕೆಯನ್ನೋ ಗ್ಯಾಸ್ ಕಡಿಮೆ ಬರುವುದನ್ನೋ ಹುಡುಕಬೇಕು. ಕೋಡ್ ಬರೆದುಕೊಳ್ಳದೆ ಅಳಿಸಲು ಬಿಡಬೇಡಿ.

ಆಮೇಲೆ ಬ್ಯಾಟರಿ ಮತ್ತು ಅರ್ಥಿಂಗ್; ಒಂದು ಮಲ್ಟಿಮೀಟರ್ ಸಾಕು. ಬೆಳಿಗ್ಗೆ ಚಾಲೂ ಮಾಡುವ ಮೊದಲು ಬ್ಯಾಟರಿ 12.4 ವೋಲ್ಟಿಗಿಂತ ಮೇಲಿರಬೇಕು, ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ. ಎಂಜಿನ್ ಓಡುತ್ತ ಹೆಡ್‌ಲೈಟ್, ವೈಪರ್ ಹಾಕಿ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿಯಿರಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥಿಂಗ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿ. ‘ಅರ್ಥಿಂಗ್ ಕಿಟ್’ ಎಂದು ಮಾರುವ ಬಣ್ಣಬಣ್ಣದ ಕೇಬಲಿನ ಕೆಲಸ ಪಾಲಿಷ್ ಪೇಪರಿನ ತುಣುಕೇ ಮಾಡುತ್ತದೆ.

ಪ್ಲಗ್ ಬಿಚ್ಚುವುದು ಎಂಜಿನ್ ತಣ್ಣಗಿರುವಾಗ, ರಾತ್ರಿ ನಿಲ್ಲಿಸಿ ಬೆಳಿಗ್ಗೆ. ಹೆಡ್ ಅಲ್ಯುಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತುಕೊಂಡೇ ಬರುವ ಸಂಭವ ಹೆಚ್ಚು. ಅದಕ್ಕೂ ಮೊದಲು ಗಾಳಿ ಹೊಡೆದು ಕುಳಿಯ ಧೂಳು, ಮರಳು ಹೊರಗೆ ಹಾರಿಸಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿಗೇ ಇಳಿಯುತ್ತದೆ. ವಾಯರ್ ಇದ್ದರೆ ಬೂಟ್ ಹಿಡಿದು ತಿರುಚಿ ಎಳೆಯಿರಿ, ವಾಯರ್ ಹಿಡಿದು ಎಳೆಯಬೇಡಿ. ಯಾವ ಪ್ಲಗ್ ಯಾವ ಸಿಲಿಂಡರಿನದು ಎಂದು ಗುರುತು ಹಾಕಿ ಸಾಲಾಗಿ ಇಡಿ.

ಆ ಸಾಲನ್ನು ನೋಡುವಾಗ ಒಂದು ಎಚ್ಚರ. ಗ್ಯಾಸಿನಲ್ಲಿ ಓಡಿದ ಪ್ಲಗ್ಗಿನ ಬಿಳಿ ಪಿಂಗಾಣಿ ಬಿಳಿಯಾಗಿಯೋ ಬೂದಿಬಣ್ಣವಾಗಿಯೋ ಇರುವುದು ಸಹಜ. ಪೆಟ್ರೋಲಿನ ಕಂದು ಬಣ್ಣ ಇಲ್ಲವೆಂದು ‘ಲೀನ್ ಆಗೇತಿ’ (ಮಿಶ್ರಣ ತೆಳುವಾಗಿದೆ) ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಗ್ಯಾಸಿನ ಗಾಡಿಯಲ್ಲಿ ಕಪ್ಪು, ಜಿಡ್ಡು ಕಂಡರೆ ಆಯಿಲ್ ಒಳಗೆ ಬರುತ್ತಿದೆ. ಪಿಂಗಾಣಿಯ ಹೊರಮೈಯಲ್ಲಿ ಲೋಹದ ಅಂಚಿಗೆ ಸುತ್ತಲೂ ಹಬ್ಬಿದ ಕಂದು ಬಳೆಯಂಥ ಕಲೆ ಚಿಂತೆಯದ್ದಲ್ಲ. ಉದ್ದಕ್ಕೆ ಪೆನ್ಸಿಲ್ಲಿನಿಂದ ಎಳೆದಂಥ ಕಪ್ಪು ಗೆರೆ ಕಂಡರೆ ಅದೇ ಕಳ್ಳದಾರಿ: ಕರೆಂಟ್ ಹೊರಗಿನಿಂದ ಇಳಿದ ಗುರುತು. ಆ ಗೆರೆಯ ಜೋಡಿ ಬೂಟಿನ ಒಳಮೈಯಲ್ಲೂ ಇರುತ್ತದೆ, ಹಾಗಾಗಿ ಪ್ಲಗ್ ಮತ್ತು ಬೂಟ್ ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದರ ಮೇಲೂ ಅದೇ ಗೆರೆ ಎಳೆಯುತ್ತದೆ. ನಿಮ್ಮ ಮಳೆಯ ಝಟಕಾಗೆ ಇದೇ ಕಾರಣವಾಗಿರುವ ಸಂಭವ ಹೆಚ್ಚು.

ಪ್ಲಗ್ ಕೊಳ್ಳುವುದು ಗಾಡಿಯ ಪುಸ್ತಕದಲ್ಲಿರುವ ನಂಬರ್ ನೋಡಿ. ನಂಬರಿನಲ್ಲಿ ಏನಿರುತ್ತದೆ ಎನ್ನಲು ಎನ್‌ಜಿಕೆಯ ಬಿಕೆಆರ್6ಇ ನೋಡಿ (ಇದು ಓದುವ ಬಗೆಗೆ ಉದಾಹರಣೆ, ನಿಮ್ಮ ಗಾಡಿಯ ಪ್ಲಗ್ ಎಂದಲ್ಲ). ಬಿ ಅಂದರೆ 14 ಮಿ.ಮೀ. ಥ್ರೆಡ್, ಕೆ ಅಂದರೆ 16ರ ಪಾನಾ, ಆರ್ ಅಂದರೆ ಒಳಗೆ ರೆಸಿಸ್ಟರ್, 6 ಶಾಖದ ದರ್ಜೆ, ಇ ಅಂದರೆ 19 ಮಿ.ಮೀ. ಉದ್ದದ ಥ್ರೆಡ್. ಎನ್‌ಜಿಕೆ, ಡೆನ್ಸೊದಲ್ಲಿ ಅಂಕಿ ಏರಿದರೆ ಪ್ಲಗ್ ತಂಪು, ಬಾಶ್‌ನಲ್ಲಿ ಅಂಕಿ ಏರಿದರೆ ಬಿಸಿ. ಒಂದು ಕಂಪನಿಯ ಅಂಕಿಯನ್ನು ಇನ್ನೊಂದರಲ್ಲಿ ಹುಡುಕಿ ಕೊಡುವ ಅಂಗಡಿಯಲ್ಲಿ ಆಗುವ ಎಡವಟ್ಟು ಇದೇ. ಬೇಕಿದ್ದಕ್ಕಿಂತ ಬಿಸಿ ಪ್ಲಗ್ ಕೂತರೆ ಗ್ಯಾಸಿನ ಒಣ ಶಾಖದಲ್ಲಿ ಕಿಡಿಗೂ ಮೊದಲೇ ಅದರ ತುದಿಯೇ ಬೆಂಕಿ ಹಚ್ಚುತ್ತದೆ, ಪಿಸ್ಟನ್ನಿಗೆ ಅಪಾಯ. ಐರಿಡಿಯಂ ಬೇಕೆನಿಸಿದರೆ ಅದೇ ಶಾಖದ ದರ್ಜೆ, ಅದೇ ಉದ್ದ, ರೆಸಿಸ್ಟರ್ ಇರುವುದನ್ನೇ ತಗೊಳ್ಳಿ. ನಕಲಿ ಬಹಳ ಬರುತ್ತವೆ. ಬೆಲೆ ಅರ್ಧಕ್ಕರ್ಧ ಕಡಿಮೆ ಎಂದರೆ ಅದು ಐರಿಡಿಯಂ ಅಲ್ಲ.

ಗ್ಯಾಪ್ ಫೀಲರ್ ಗೇಜಿನಿಂದ ಅಳೆಯಿರಿ. ಡಬ್ಬಿಯಿಂದ ಬಂದದ್ದೇ ಸರಿ ಎಂದು ನಂಬಬೇಡಿ, ಕೆಳಗೆ ಬಿದ್ದ ಪ್ಲಗ್ ಅಂತೂ ಹಾಕಲೇಬೇಡಿ. ಪೆಟ್ರೋಲ್ ಎಂಜಿನ್ನುಗಳಿಗೆ 1.0, 1.1 ಮಿ.ಮೀ. ರೂಢಿ, ಗ್ಯಾಸಿನ ಗಾಡಿಗೆ ಸಾಮಾನ್ಯವಾಗಿ ಅದಕ್ಕಿಂತ ಕಿರಿದು, 0.7, 0.8ರ ಸುತ್ತ; ಕೊನೆಯ ಮಾತು ನಿಮ್ಮ ಪುಸ್ತಕದ್ದು. ಕಿಟ್ಟಿನ ಜೊತೆ ‘ಗ್ಯಾಪ್ ಅಗಲ ಮಾಡಿದರೆ ದೊಡ್ಡ ಕಿಡಿ’ ಎಂಬ ಸಲಹೆಯೂ ಬರುತ್ತದೆ. ಗ್ಯಾಸಿನಲ್ಲಿ ಅದು ಉಲ್ಟಾ ಹೊಡೆಯುತ್ತದೆ, ಒಡ್ಡನ್ನು ನಾವೇ ಎತ್ತರಿಸಿದ ಹಾಗೆ. ಸರಿಮಾಡುವಾಗ ಹೊರಗಿನ ಬಾಗಿದ ಎಲೆಕ್ಟ್ರೋಡನ್ನಷ್ಟೇ ಬಾಗಿಸಿ. ಐರಿಡಿಯಮ್ಮಿನ ಸೂಜಿತುದಿಗೆ ಗೇಜನ್ನು ಒತ್ತಿ ಮೀಟಿದರೆ ಅದು ಮುರಿಯುತ್ತದೆ, ತಂತಿ ಬ್ರಷ್ ಹಾಕಿದರೂ ಹಾಳು.

ಕೂರಿಸುವಾಗ ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಅದರಿಂದಲೇ ತಿರುಗಿಸಿ. ಥ್ರೆಡ್ ಅಡ್ಡ ಹಿಡಿದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಬೆರಳಬಿಗಿ ಆದ ಮೇಲೆ 14 ಮಿ.ಮೀ. ಥ್ರೆಡ್ಡಿನ ವಾಷರ್ ಪ್ಲಗ್ಗಿಗೆ ಟಾರ್ಕ್ ರೆಂಚಿನಲ್ಲಿ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ. ಥ್ರೆಡ್ ಆದರೆ 15ರಿಂದ 20. ರೆಂಚ್ ಇಲ್ಲದಿದ್ದರೆ 14ರ ಹೊಸ ಪ್ಲಗ್ಗಿಗೆ ಬೆರಳಬಿಗಿಯ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ. ಹಳೆಯದನ್ನೇ ಮರಳಿ ಹಾಕುವಾಗ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಸುತ್ತಿನ ಹನ್ನೆರಡನೇ ಒಂದು ಪಾಲು. ಥ್ರೆಡ್ಡಿಗೆ ಗ್ರೀಸು, ಆಯಿಲ್ ಹಚ್ಚುವ ಚಟ ಕೆಲವು ಮಿಸ್ತ್ರಿಗಳಿಗಿದೆ. ಜಾರುವ ಥ್ರೆಡ್ಡಿನಲ್ಲಿ ಅದೇ ಬಿಗಿತ ಅಳತೆ ಮೀರಿ ಎಳೆಯುತ್ತದೆ, ಬೇಡವೆನ್ನಿ. ಗ್ರೀಸ್ ಬೇಕಾದದ್ದು ಬೂಟಿನ ಒಳಬಾಯಿಗೆ, ಅದೂ ಸಿಲಿಕಾನಿನ ಡೈಎಲೆಕ್ಟ್ರಿಕ್ ಗ್ರೀಸ್, ಕಡಲೆಕಾಳಿನಷ್ಟು. ನೀರು ತಡೆಯುವುದು ಅದು.

ನಿಮ್ಮ ಎಂಜಿನ್ನಿನಲ್ಲಿ ಕಾಯಿಲ್ಲಿನಿಂದ ಪ್ಲಗ್ಗಿಗೆ ವಾಯರ್ ಇದ್ದರೆ ಪ್ರತಿಯೊಂದರ ಓಂ ಅಳೆದು ಉದ್ದಕ್ಕೆ ತಕ್ಕಂತೆ ಹೋಲಿಸಿ. ಒಂದು ಉಳಿದವಕ್ಕಿಂತ ದುಪ್ಪಟ್ಟಿದ್ದರೆ ಅಥವಾ ಅಲ್ಲಾಡಿಸಿದಾಗ ಮೀಟರ್ ಜಿಗಿದರೆ ಇಡೀ ಸೆಟ್ ಬದಲಿಸಿ. ಕಾಯಿಲ್ ಮೇಲೆ ಅನುಮಾನ ಬಂದರೆ ಒಂದೇ ತರಹದ ಎರಡು ಕಾಯಿಲ್‌ಗಳನ್ನು ಅದಲುಬದಲು ಮಾಡಿ ಓಡಿಸಿ. ಮಿಸ್ಸಿನ ಕೋಡ್ ಕಾಯಿಲ್ಲಿನ ಜೊತೆ ಜಾಗ ಬದಲಿಸಿದರೆ ಆ ಕಾಯಿಲ್ ಹೋಗಿದೆ, ಕಂಪನಿಯದ್ದೇ ಹಾಕಿಸಿ. ಪ್ಲಗ್ ವಾಯರ್ ಕಳಚಿ ಗಾಡಿಯ ಲೋಹಕ್ಕೆ ಹಿಡಿದು ‘ಕಿಡಿ ನೋಡುವ’ ಹಳೆ ಪದ್ಧತಿ ಮಾತ್ರ ಬಿಡಿ. ದಾರಿಯಿಲ್ಲದ ಕಿಡಿ ಕಾಯಿಲ್ಲನ್ನೂ ಇಸಿಯುವನ್ನೂ ಹೊಡೆಯುತ್ತದೆ, ಸೀಟಿನ ಕೆಳಗೆ ಗ್ಯಾಸಿನ ಪೈಪೂ ಇದೆ. ಕತ್ತಲಲ್ಲಿ ಎಂಜಿನ್ ಓಡಿಸಿ ಬೂಟಿನ ಸುತ್ತ ಸ್ಪ್ರೇ ಬಾಟಲಿಯಿಂದ ಮಂಜಿನಷ್ಟು ನೀರು ಸಿಂಪಡಿಸಿ ದೂರದಿಂದ ನೋಡಿದರೆ ಸೋರುವ ಕಡೆ ನೀಲಿ ಕಿಡಿ ಕಾಣುತ್ತದೆ, ಅದೇ ಹೊತ್ತಿಗೆ ಎಂಜಿನ್ ತಡವರಿಸುತ್ತದೆ. ಇದನ್ನು ಮಾಡುವ ಮೊದಲು ಗ್ಯಾಸಿನ ಜಾಯಿಂಟುಗಳಿಗೆ ಸೋಪುನೀರು ಹಚ್ಚಿ ಸೋರಿಕೆ ಇಲ್ಲವೆಂದು ನೋಡಿಕೊಳ್ಳಬೇಕು.

ಇನ್ನೊಂದು ತಪ್ಪು ತೀರ್ಮಾನ ಎಲ್ಲ ಕಡೆ ಕಾಣುತ್ತದೆ. ‘ಪೆಟ್ರೋಲಿನ್ಯಾಗ ಬರೋಬ್ಬರಿ ಓಡತೈತಿ, ಅಂದ್ರ ಗ್ಯಾಸ್ ಕಿಟ್ಟಿಂದ ತಕರಾರು.’ ಹಾಗೇನಿಲ್ಲ. ಸೊರಗಿದ ಇಗ್ನಿಷನ್ ಮೊದಲು ಕೈಕೊಡುವುದೇ ಗ್ಯಾಸಿನಲ್ಲಿ, ಹೆಚ್ಚು ವೋಲ್ಟ್ ಕೇಳುವುದು ಗ್ಯಾಸೇ ಆದ್ದರಿಂದ. ರೆಗ್ಯುಲೇಟರ್, ಇಂಜೆಕ್ಟರ್ ಬಿಚ್ಚುವ ಮೊದಲು ಪ್ಲಗ್ ನೋಡಿ. ಝಟಕಾ ಹೊಡೆಯುವ ಗಾಡಿಯನ್ನು ‘ಆಮೇಲೆ ನೋಡೂಣು’ ಎಂದು ಓಡಿಸಿದರೆ ಉರಿಯದ ಗ್ಯಾಸು ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಹೋಗಿ ಉರಿಯುತ್ತದೆ, ಒಳಗಿನ ಜೇನುಗೂಡು ಕರಗಿ ದಾರಿ ಕಟ್ಟಿಕೊಳ್ಳುತ್ತದೆ. ಬಿಎಸ್6 ಗಾಡಿಯಲ್ಲಿ ಅದರ ಬೆಲೆ ಕೇಳಿದರೆ ಈ ಕಿಟ್ ಅಗ್ಗ ಎನಿಸುತ್ತದೆ.

ಅಪ್‌ಗ್ರೇಡ್ ನಿಜಕ್ಕೂ ಬೇಕಾದ ಗಾಡಿಗಳೂ ಇವೆ. ಪಾಯಿಂಟ್, ಕಂಡೆನ್ಸರ್ ಇರುವ ಹಳೆಯ ಪೆಟ್ರೋಲ್ ಜೀಪಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದು ಒಳ್ಳೆಯ ಖರ್ಚು. ಅಲ್ಲಿ ಪಾಯಿಂಟ್ ಸವೆದಂತೆ ಕಿಡಿಯೂ ಸೊರಗುತ್ತದೆ, ಟೈಮಿಂಗೂ ಸರಿಯುತ್ತದೆ. ಹೊರಗೆ ಗ್ಯಾಸ್ ಕಿಟ್ ಹಾಕಿಸಿದ ಇಂಜೆಕ್ಷನ್ ಗಾಡಿಗೆ ಟೈಮಿಂಗ್ ಅಡ್ವಾನ್ಸ್ ಪ್ರೊಸೆಸರ್ ಎಂಬ ಡಬ್ಬಿ ಕೆಲಸಕ್ಕೆ ಬರುತ್ತದೆ. ಗ್ಯಾಸ್ ನಿಧಾನ ಉರಿಯುವುದರಿಂದ ಕಿಡಿಯನ್ನು ಕೆಲವು ಡಿಗ್ರಿ ಮೊದಲೇ ಕೊಟ್ಟರೆ ಎಳೆತ ಸ್ವಲ್ಪ ಮರಳುತ್ತದೆ. ಪೆಟ್ರೋಲಿಗೆ ಬದಲಿಸಿದಾಗ ಅದು ತಾನಾಗಿ ಬಂದ್ ಆಗಬೇಕು, ಇಲ್ಲದಿದ್ದರೆ ಎಂಜಿನ್ ಬಡಿಯುತ್ತದೆ. ನಿಮ್ಮದು ಕಂಪನಿಯ ಸಿಎನ್‌ಜಿ. ಗ್ಯಾಸಿನ ಟೈಮಿಂಗ್ ಇಸಿಯುನಲ್ಲೇ ಬೇರೆಯಾಗಿ ಬರೆದಿದೆ. ಟರ್ಬೊ ಕೂರಿಸಿದ, ಕಂಪ್ರೆಷನ್ ಏರಿಸಿದ ರೇಸ್ ಗಾಡಿಗಳ ಮಾತು ಇಲ್ಲಿ ಬೇಡ. ಡೀಸೆಲ್ ಪಿಕಪ್ ಇರುವ ನಿಮ್ಮ ಗೆಳೆಯರಿಗೂ ಯಾರಾದರೂ ಇಂಥ ಕಿಟ್ ತೋರಿಸಿದರೆ ನಕ್ಕು ಬರಲಿ, ಡೀಸೆಲ್ಲಿನಲ್ಲಿ ಕಿಡಿಯೇ ಇಲ್ಲ. ಗ್ಲೋ ಪ್ಲಗ್ ಇದ್ದರೆ ಅದು ಚಳಿಯಲ್ಲಿ ಚಾಲೂ ಆಗಲು ಬಿಸಿ ಕೊಡುವ ಕಡ್ಡಿ.

ಕಾನೂನಿನ ಮಾತು ಒಂದೇ ಸಾಲು: ಪ್ಲಗ್, ವಾಯರ್ ಬದಲಿಸುವುದು ರಿಪೇರಿ, ವಾಯರಿಂಗ್ ಕತ್ತರಿಸಿ ಡಬ್ಬಿ ಸೇರಿಸುವುದು ಬೇರೆ, ಅನುಮತಿಯಿಲ್ಲದ ಬದಲಾವಣೆಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದಕ್ಕೆ 5,000 ರೂಪಾಯಿ ದಂಡ ಇದೆ.

ಹೊಸ ಪ್ಲಗ್, ಬೂಟ್ ಹಾಕಿದ ಮೇಲೂ ಝಟಕಾ ಉಳಿದರೆ ಈ ಸಾಲಿನಲ್ಲಿ ಮುಂದುವರಿಯಿರಿ. ಏರ್ ಫಿಲ್ಟರ್ ನೋಡಿ, ಕಬ್ಬಿನ ಹಂಗಾಮಿನ ಧೂಳಿನಲ್ಲಿ ಅದು ಪುಸ್ತಕದ ಅವಧಿಗಿಂತ ಬೇಗ ಕಟ್ಟಿಕೊಳ್ಳುತ್ತದೆ. ಆಮೇಲೆ ಗ್ಯಾಸಿನ ಫಿಲ್ಟರ್. ಪಂಪಿನ ಕಂಪ್ರೆಸರಿನಿಂದ ಬಂದ ಆಯಿಲ್ ಅದರಲ್ಲೂ ಇಂಜೆಕ್ಟರಿನಲ್ಲೂ ಕೂರುತ್ತದೆ. ಕೊನೆಗೆ ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವಿನ ಮೇಲೆ ಬಿಟ್ಟ ಸಣ್ಣ ಸಂದು) ಮತ್ತು ಕಂಪ್ರೆಷನ್. ಗ್ಯಾಸಿನ ಒಣ ಶಾಖದಲ್ಲಿ ವಾಲ್ವ್ ಸೀಟ್ ಸವೆದು ವಾಲ್ವ್ ಮೇಲೇರುತ್ತದೆ, ಕ್ಲಿಯರೆನ್ಸ್ ಕಿರಿದಾಗಿ ವಾಲ್ವ್ ಪೂರ್ತಿ ಮುಚ್ಚದೆ ಸುಡಲು ಶುರುವಾಗುತ್ತದೆ. 68,000ಕ್ಕೆ ಇದನ್ನು ಒಮ್ಮೆಯೂ ಅಳೆಸಿಲ್ಲವಾದರೆ, ಪ್ಲಗ್ ಬಿಚ್ಚಿದ ದಿನವೇ ಕಂಪ್ರೆಷನ್ ಗೇಜ್ ಹಾಕಿಸಿ ನಾಲ್ಕೂ ಸಿಲಿಂಡರಿನ ಅಂಕಿ ಬರೆದಿಟ್ಟುಕೊಳ್ಳಿ. ಹೇಗೂ ಪ್ಲಗ್ ಹೊರಗಿರುತ್ತದೆ, ಹತ್ತು ನಿಮಿಷದ ಕೆಲಸ.